ಸಿಮೆಂಟ್ ರಸ್ತೆ, ಸಿಮೆಂಟ್ ಅಂಗಳ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಬೀದಿಗೆ ಸಿಸಿ ರೋಡ್ ಬಂದ ವಾರ ನಾನು ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದೆ. ರಸ್ತೆ ಕೆಲಸದ ಬಗ್ಗೆ ನನಗೆ ಒಂದಷ್ಟು ಗೊತ್ತು ಅನ್ನೋದು ಅಕ್ಕಪಕ್ಕದವರಿಗೆ ತಿಳಿದಿದೆ. ಹಾಗಾಗಿ ಹೋಗುವವರು ಬರುವವರು ಎಲ್ಲ ಒಂದೊಂದು ಪ್ರಶ್ನೆ ಕೇಳಿದರು. ಅದೇ ಪ್ರಶ್ನೆಗಳು ಬೇರೆ ಊರಿನ ನೆಂಟರಿಂದಲೂ ಬರುತ್ತಿರುತ್ತವೆ. ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇನೆ.

ಸಿಮೆಂಟ್ ಅಂದರೂ ಕಾಂಕ್ರೀಟ್ ಅಂದರೂ ಒಂದೇ ಅಲ್ವಾ?

ಅಲ್ಲ. ಸಿಮೆಂಟ್ ಅಂದರೆ ಮೂಟೆಯಲ್ಲಿ ಬರುವ ಪುಡಿ. ಅದಕ್ಕೆ ಮರಳು, ಜಲ್ಲಿ, ನೀರು ಸೇರಿಸಿ ಕಲಸಿದರೆ ಕಾಂಕ್ರೀಟ್. ಜಲ್ಲಿ ಇಲ್ಲದೆ ಬರೀ ಮರಳು ಹಾಕಿ ಕಲಸಿದರೆ ಅದು ಗಾರೆ. ರಸ್ತೆಯ ಹೊರೆ ಹೊರುವುದರಲ್ಲಿ ಜಲ್ಲಿಯ ಪಾಲು ದೊಡ್ಡದು. ಸಿಮೆಂಟ್ ಅದನ್ನು ಹಿಡಿದಿಟ್ಟುಕೊಳ್ಳುವ ಅಂಟು. "ಸಿಮೆಂಟ್ ರಸ್ತೆ" ಅನ್ನುವ ಮಾತು ರೂಢಿಗೆ ಬಂದುಬಿಟ್ಟಿದೆ. ನಾನೂ ಹಾಗೇ ಹೇಳುತ್ತೇನೆ, ತಲೆ ಕೆಡಿಸಿಕೊಳ್ಳಬೇಡಿ.

ರೋಮನ್ನರ ಕಾಲದಲ್ಲೇ ಕಾಂಕ್ರೀಟ್ ರಸ್ತೆ ಇತ್ತಂತೆ, ಹೌದಾ?

ಕಾಂಕ್ರೀಟ್ ಇತ್ತು, ಆದರೆ ಈಗಿನಂಥ ಕಾಂಕ್ರೀಟ್ ರಸ್ತೆ ಇರಲಿಲ್ಲ. ಅವರ ಹೆಸರಾಂತ ಆಪಿಯನ್ ರಸ್ತೆಯ ಮೇಲೆ ಕಾಣುವುದು ಕಲ್ಲಿನ ಚಪ್ಪಡಿಗಳು. ಕಾಂಕ್ರೀಟನ್ನು ಅವರು ಬಂದರು, ಗೋಡೆ, ಗುಮ್ಮಟಗಳಿಗೆ ಬಳಸಿದರು. ರೋಮ್‌ನ ಪ್ಯಾಂಥಿಯನ್ ಗುಮ್ಮಟ ಸುಮಾರು 43 ಮೀಟರ್ ಅಗಲ. ಒಳಗೆ ಒಂದು ಕಂಬಿ ಇಲ್ಲ, ಹತ್ತೊಂಬತ್ತು ಶತಮಾನ ಆಗುತ್ತಾ ಬಂತು, ಇನ್ನೂ ನಿಂತಿದೆ.

ಅವರ ಗುಟ್ಟು ಇದ್ದದ್ದು ಪೊಜುವೊಲಿ ಎಂಬ ಊರಿನ ಸುತ್ತ ಸಿಗುತ್ತಿದ್ದ ಜ್ವಾಲಾಮುಖಿಯ ಬೂದಿಯಲ್ಲಿ. ಸುಣ್ಣದ ಜೊತೆ ಆ ಬೂದಿ ಸೇರಿದರೆ ನೀರಿನ ಒಳಗೂ ಗಟ್ಟಿಯಾಗುತ್ತದೆ. ನಮ್ಮಲ್ಲಿ ಜ್ವಾಲಾಮುಖಿ ಇಲ್ಲ, ಆದರೆ ಇದೇ ಉಪಾಯ ಇತ್ತು. ಸುಟ್ಟ ಇಟ್ಟಿಗೆಯ ಪುಡಿಯನ್ನು ಸುಣ್ಣಕ್ಕೆ ಬೆರೆಸಿದರೆ ಸುರ್ಕಿ ಗಾರೆ. 1911ರಲ್ಲಿ ಶುರುವಾದ ಕೆಆರ್‌ಎಸ್ ಅಣೆಕಟ್ಟೆಯ ಕಲ್ಲುಗಳನ್ನು ಬೆಸೆದಿರುವುದು ಸುರ್ಕಿಯೇ. ಬೂದಿಯ ಈ ಕತೆ ಮುಂದೆ ರಾಯಚೂರಿನ ಹತ್ತಿರ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಹಾಗಾದರೆ ಮೊದಲ ಕಾಂಕ್ರೀಟ್ ರಸ್ತೆ ಯಾವುದು?

ಈಗಿನ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದು 1824ರಲ್ಲಿ. ಇಂಗ್ಲೆಂಡಿನ ಲೀಡ್ಸ್‌ನ ಜೋಸೆಫ್ ಆಸ್ಪ್‌ಡಿನ್ ಎಂಬಾತ ಅದಕ್ಕೆ "ಪೋರ್ಟ್‌ಲ್ಯಾಂಡ್" ಅಂತ ಹೆಸರಿಟ್ಟ. ಆಗ ಪೋರ್ಟ್‌ಲ್ಯಾಂಡ್ ದ್ವೀಪದ ಕಟ್ಟಡದ ಕಲ್ಲಿಗೆ ಭಾರಿ ಹೆಸರು. ನನ್ನ ಪುಡಿಯೂ ಅಷ್ಟೇ ಚೆನ್ನಾಗಿದೆ ಅಂತ ಹೇಳಿಕೊಳ್ಳುವ ಜಾಣತನ ಅದು. ಇವತ್ತಿಗೂ ಮೂಟೆಯ ಮೇಲೆ ಆ ಹೆಸರು ಅಚ್ಚಾಗುತ್ತದೆ. 1865ರಲ್ಲಿ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಲ್ಲಿ ಈ ಸಿಮೆಂಟಿನಿಂದ ರಸ್ತೆ ಹಾಕಿ ನೋಡಿದರು.

ನನಗೆ ಹೆಚ್ಚು ಇಷ್ಟವಾದ ಕತೆ ಅಮೆರಿಕದ್ದು. ಒಹಾಯೋ ರಾಜ್ಯದಲ್ಲಿ ಬೆಲ್‌ಫೌಂಟನ್ ಅಂತ ಒಂದು ಸಣ್ಣ ಊರು. ಮಳೆ ಬಂದರೆ ಬೀದಿ ಕೆಸರು, ಗಾಡಿ ಹೂತುಹೋಗುತ್ತಿತ್ತು. ಜಾರ್ಜ್ ಬಾರ್ಥಲೋಮ್ಯೂ ಎಂಬುವವನು "ಕಾಂಕ್ರೀಟ್ ಹಾಕಿಕೊಡುತ್ತೇನೆ" ಅಂದ. ಊರಿನವರು ನಂಬಲಿಲ್ಲ. 1891ರಲ್ಲಿ ಎಂಟು ಅಡಿ ಅಗಲದ ಒಂದು ಪಟ್ಟಿಯನ್ನಷ್ಟೇ ಹಾಕಿಸಿದರು. ಅದೂ ಕುದುರೆ ಕಟ್ಟುವ ಜಾಗದ ಪಕ್ಕ, ಅಂದರೆ ಗೊರಸು, ಕಬ್ಬಿಣದ ಪಟ್ಟಿಯ ಚಕ್ರ ಎರಡರ ಹೊಡೆತವೂ ಜಾಸ್ತಿ ಬೀಳುವ ಕಡೆ. ಅಲ್ಲಿ ಪಾಸಾದ ಮೇಲೆ 1893ರಲ್ಲಿ ಕೋರ್ಟಿನ ಸುತ್ತಲ ಬೀದಿಗಳಿಗೆ ಹಾಕಲು ಒಪ್ಪಿದರು. ಅಷ್ಟಾದರೂ ಐದು ವರ್ಷದ ಗ್ಯಾರಂಟಿ ಕೇಳಿದರು. ಅವನು 5,000 ಡಾಲರ್ ಬಾಂಡ್ ಬರೆದುಕೊಟ್ಟ. ಕುದುರೆ ಜಾರಬಾರದು ಅಂತ ಮೇಲ್ಮೈಯಲ್ಲಿ ಚೌಕ ಚೌಕ ಗೀರು ಎಳೆದಿದ್ದರು. ಆ ಕೋರ್ಟ್ ಅವೆನ್ಯೂ ಇವತ್ತಿಗೂ ಇದೆ, ಪಕ್ಕದಲ್ಲಿ ಅವನ ಪ್ರತಿಮೆಯೂ ಇದೆ. ಗುತ್ತಿಗೆದಾರನಿಗೆ ಊರು ಪ್ರತಿಮೆ ನಿಲ್ಲಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮುಂದೆ 1909ರಲ್ಲಿ ಡೆಟ್ರಾಯಿಟ್ ಹತ್ತಿರದ ವುಡ್‌ವರ್ಡ್ ಅವೆನ್ಯೂದಲ್ಲಿ ಒಂದು ಮೈಲಿ ಹಾಕಿದರು. ಕಾರುಗಳ ಕಾಲ ಶುರುವಾಗಿತ್ತು. 1930ರ ದಶಕದಲ್ಲಿ ಜರ್ಮನಿಯ ಆಟೋಬಾನ್ ಬಹುಪಾಲು ಕಾಂಕ್ರೀಟಿನಲ್ಲೇ ಆಯಿತು.

ನಮ್ಮ ದೇಶಕ್ಕೆ ಯಾವಾಗ ಬಂತು?

ಸಿಮೆಂಟ್ ತಯಾರಿಸುವ ಮೊದಲ ಪ್ರಯತ್ನ 1904ರಲ್ಲಿ ಮದ್ರಾಸಿನಲ್ಲಿ ಆಯಿತು, ಬಾಳಲಿಲ್ಲ. 1914ರಲ್ಲಿ ಗುಜರಾತಿನ ಪೋರ್‌ಬಂದರಿನಲ್ಲಿ ಶುರುವಾದ ಕಾರ್ಖಾನೆ ನಿಂತಿತು. ಮುಂಬೈನ ಮರೀನ್ ಡ್ರೈವ್‌ನ ಕಾಂಕ್ರೀಟ್ ರಸ್ತೆ ಸ್ವಾತಂತ್ರ್ಯಕ್ಕೂ ಮೊದಲಿನದು. ಸಮುದ್ರದ ಉಪ್ಪುಗಾಳಿಯಲ್ಲಿ ದಶಕಗಟ್ಟಲೆ ಓಡಿತು. ಆದರೂ ದೇಶದ ತುಂಬ ಡಾಂಬರೇ ಹರಡಿತು. ಸಿಮೆಂಟ್ ಸಿಗುವುದೇ ಕಷ್ಟವಾಗಿದ್ದ ಕಾಲ, ಪರ್ಮಿಟ್ ಇಲ್ಲದೆ ಮೂಟೆ ಸಿಗುತ್ತಿರಲಿಲ್ಲ. ಮನೆ ಕಟ್ಟಲಿಕ್ಕೇ ಇಲ್ಲದ್ದನ್ನು ರಸ್ತೆಗೆ ಸುರಿಯುವವರು ಯಾರು? 2002ರಲ್ಲಿ ಪೂರ್ತಿ ತೆರೆದ ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಲೆಕ್ಕ ಬದಲಾಯಿತು. ಸುಮಾರು 94 ಕಿ.ಮೀ., ಆರು ಲೇನು, ಕಾಂಕ್ರೀಟು.

ನಮ್ಮ ಕರ್ನಾಟಕದ ಸಿಮೆಂಟ್ ಸೀಮೆ ಕಲಬುರಗಿ ಜಿಲ್ಲೆ. ಶಹಾಬಾದ್, ವಾಡಿ, ಸೇಡಂ, ಮಳಖೇಡ, ಎಲ್ಲ ಸುಣ್ಣಕಲ್ಲಿನ ನೆಲ. ನಮ್ಮ ಅಜ್ಜಿ ಮನೆಯ ಹಿತ್ತಲಿಗೆ ಹಾಸಿದ್ದ ಶಹಾಬಾದ್ ಕಲ್ಲೂ ಅದೇ ಸೀಮೆಯದು. ಮಳಖೇಡ ಅಂದರೆ ನೃಪತುಂಗನ ಮಾನ್ಯಖೇಟ. ರಾಷ್ಟ್ರಕೂಟರ ಹಳೇ ಕೋಟೆಯ ಊರಲ್ಲಿ ಈಗ ಲಾರಿಗಟ್ಟಲೆ ಸಿಮೆಂಟ್ ಹೊರಡುತ್ತದೆ.

ಡಾಂಬರಿಗೂ ಇದಕ್ಕೂ ನಿಜವಾದ ವ್ಯತ್ಯಾಸ ಏನು?

ಡಾಂಬರು ರಸ್ತೆ ಚಾಪೆ ಇದ್ದಂತೆ. ಚಕ್ರ ಎಲ್ಲಿ ಒತ್ತುತ್ತದೋ ಅಲ್ಲಿ ಸ್ವಲ್ಪ ಬಗ್ಗುತ್ತದೆ. ಕೆಳಗಿನ ಜಲ್ಲಿ, ಮಣ್ಣು ಅದನ್ನು ಹೊರಬೇಕು. ಕಾಂಕ್ರೀಟ್ ರಸ್ತೆ ಹಲಗೆ ಇದ್ದಂತೆ. ಒಂದು ಮೂಲೆ ಒತ್ತಿದರೂ ಭಾರ ಹಲಗೆಯಗಲಕ್ಕೆ ಹಂಚಿಹೋಗುತ್ತದೆ. ಹಾಗಾಗಿ ಕೆಳಗಿನ ಮಣ್ಣು ಅಷ್ಟೇನೂ ಗಟ್ಟಿ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಮಣ್ಣು ಎಲ್ಲ ಕಡೆ ಒಂದೇ ಸಮ ಇರಬೇಕು. ಹಲಗೆಯ ಕೆಳಗೆ ಒಂದು ಕಡೆ ಟೊಳ್ಳಾದರೆ ಅಲ್ಲೇ ಲಟಕ್ಕೆಂದು ಮುರಿಯುತ್ತದೆ.

ಟೊಳ್ಳು ಆಗುವುದು ಹೇಗೆ? ನೀರಿನಿಂದ. ಜಾಯಿಂಟಿನಲ್ಲಿ ನೀರು ಇಳಿಯುತ್ತದೆ. ಲಾರಿ ಹೋದಾಗ ಆ ನೀರು ಮಣ್ಣನ್ನು ಕಲಸಿಕೊಂಡು ಪಿಚಕಾರಿಯ ಹಾಗೆ ಮೇಲೆ ಚಿಮ್ಮುತ್ತದೆ. ಸಾವಿರ ಲಾರಿ ಹೋಗುವಷ್ಟರಲ್ಲಿ ಕೆಳಗೆ ಖಾಲಿ. ಮಳೆ ನಿಂತ ಮೇಲೆ ಜಾಯಿಂಟಿನ ಪಕ್ಕ ಕೆಸರಿನ ಕಲೆ ಕಂಡರೆ ಒಳಗೆ ಈ ಕೆಲಸ ನಡೆದಿದೆ ಅಂತ ತಿಳಿಯಿರಿ. ಆದ್ದರಿಂದ ರಸ್ತೆ ನೋಡುವ ಮುಂಚೆ ನಾನು ಚರಂಡಿ ನೋಡುತ್ತೇನೆ. ಚರಂಡಿ ಇಲ್ಲದೆ ಹಾಕಿದ ಕಾಂಕ್ರೀಟ್ ರಸ್ತೆ ಸುಮ್ನೆ ದುಡ್ಡು ದಂಡ.

ಅಷ್ಟು ಗಟ್ಟಿ ರಸ್ತೆಯನ್ನು ಹಾಕಿದ ಮಾರನೆ ದಿನವೇ ಯಾಕೆ ಮಿಷನ್‌ನಲ್ಲಿ ಕೊಯ್ಯುತ್ತಾರೆ?

ಬಿರುಕು ಬಿಡದಿರಲಿ ಅಂತ ಅಲ್ಲ. ಬಿರುಕು ನಾವು ಹೇಳಿದ ಕಡೆ ಬಿಡಲಿ ಅಂತ.

ಕಾಂಕ್ರೀಟ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಆಮೇಲೆ ಬಿಸಿಲಿಗೆ ಹಿಗ್ಗಿ ರಾತ್ರಿ ಚಳಿಗೆ ಕುಗ್ಗುತ್ತದೆ. ನೂರು ಮೀಟರ್ ಉದ್ದದ ತುಂಡು 30 ಡಿಗ್ರಿ ಬಿಸಿಯಾದರೆ ಹೆಚ್ಚುಕಡಿಮೆ 30 ಮಿ.ಮೀ. ಉದ್ದವಾಗಬೇಕು. ಜಾಗ ಕೊಡದಿದ್ದರೆ ಅದೇ ಜಾಗ ಮಾಡಿಕೊಳ್ಳುತ್ತದೆ. ಜರ್ಮನಿಯ ಹಳೇ ಕಾಂಕ್ರೀಟ್ ಹೆದ್ದಾರಿಗಳು ಕಡು ಬೇಸಿಗೆಯಲ್ಲಿ ಮೇಲಕ್ಕೆದ್ದು ಒಡೆಯುವುದುಂಟು.

ಅದಕ್ಕೇ ಸುಮಾರು 4.5 ಮೀಟರಿಗೆ ಒಂದರಂತೆ ಅಡ್ಡಕ್ಕೆ ಕೊಯ್ಯುತ್ತಾರೆ. ಪೂರ್ತಿ ದಪ್ಪಕ್ಕಲ್ಲ, ಕಾಲು ಭಾಗ ಅಥವಾ ಮೂರನೇ ಒಂದು ಭಾಗ ಅಷ್ಟೆ. ಚಾಕೊಲೇಟ್ ಗೀರಿನ ಗುಂಟ ಮುರಿಯುವ ಹಾಗೆ ಕೆಳಗಿನ ಬಿರುಕು ಆ ಗೀರಿನ ನೇರಕ್ಕೇ ಬರುತ್ತದೆ. ಹೊತ್ತು ನೋಡಿ ಕೊಯ್ಯಬೇಕು. ಬೇಗ ಕೊಯ್ದರೆ ಅಂಚಿನ ಜಲ್ಲಿ ಕಿತ್ತುಬರುತ್ತದೆ. ತಡ ಮಾಡಿದರೆ ರಸ್ತೆಯೇ ತನಗಿಷ್ಟ ಬಂದ ಕಡೆ ಸೀಳಿರುತ್ತದೆ. ನಮ್ಮ ಬೀದಿಯಲ್ಲಿ ಕಟ್ಟಿಂಗ್ ಮಿಷನ್ ಬಂದದ್ದು ಮೂರನೇ ದಿನ. ಅಷ್ಟರಲ್ಲಿ ನಮ್ಮ ಗೇಟಿನ ಎದುರಿಗೆ ಹಾವಿನ ಹಾಗೆ ಒಂದು ಬಿರುಕು ಬಿದ್ದಾಗಿತ್ತು. ಆಮೇಲೆ ಅದರಿಂದ ಎರಡು ಅಡಿ ಆಚೆ ನೇರವಾಗಿ ಕೊಯ್ದು ಹೋದರು! ಆ ಗೀರಿಗೆ ಇವತ್ತಿಗೂ ಏನೂ ಕೆಲಸವಿಲ್ಲ.

ರಸ್ತೆಗೆ ಕಂಬಿಯೇ ಹಾಕಿಲ್ಲ. ಮೋಸ ಮಾಡಿದರಾ?

ಇದು ಜಗಳವಾಗುವ ಪ್ರಶ್ನೆ. ಮೋಲ್ಡಿಂಗ್‌ಗೆ, ಅಂದರೆ ತಾರಸಿಗೆ ಕಂಬಿ ಬೇಕೇ ಬೇಕು, ಯಾಕೆಂದರೆ ಕೆಳಗೆ ಗಾಳಿ. ರಸ್ತೆಯ ಕೆಳಗೆ ನೆಲ ಇದೆ. ನಮ್ಮಲ್ಲಿ ಹಾಕುವ ಹೆಚ್ಚಿನ ರಸ್ತೆಗಳು ಕಂಬಿಯ ಜಾಲರಿ ಇಲ್ಲದ ಬರೀ ಕಾಂಕ್ರೀಟ್, ಅದು ಮೋಸವಲ್ಲ.

ಹೆದ್ದಾರಿಗಳಲ್ಲಿ ಜಾಯಿಂಟಿನ ಹತ್ತಿರ ಮಾತ್ರ ಸರಳು ಇರುತ್ತವೆ. ಅಡ್ಡ ಜಾಯಿಂಟಿಗೆ ನುಣುಪಾದ ದಪ್ಪ ಸರಳು, ಅದಕ್ಕೆ ಡೋವೆಲ್ ಅನ್ನುತ್ತಾರೆ. ಅದು ಭಾರವನ್ನು ಪಕ್ಕದ ತುಂಡಿಗೆ ದಾಟಿಸುತ್ತದೆ, ಆದರೆ ಹಿಗ್ಗಲು ಕುಗ್ಗಲು ಬಿಡುತ್ತದೆ. ಉದ್ದ ಜಾಯಿಂಟಿಗೆ ಗೀರು ಇರುವ ಸರಳು, ಟೈ ಬಾರ್. ಅದು ಎರಡು ಲೇನು ಬೇರೆಯಾಗದಂತೆ ಕಟ್ಟಿಹಾಕುತ್ತದೆ. ಹಳ್ಳಿಯ ಆರು ಇಂಚಿನ ರಸ್ತೆಗಳಲ್ಲಿ ಡೋವೆಲ್ ಇಲ್ಲದಿರುವುದೂ ಉಂಟು. ಜಗಳ ಆಡಲೇಬೇಕು ಅಂದರೆ ಕಂಬಿ ಬಿಟ್ಟು ದಪ್ಪದ ಬಗ್ಗೆ ಆಡಿ. ಅಂಚಿನಲ್ಲಿ ಆರು ಇಂಚು ತೋರಿಸಿ ನಡುವೆ ನಾಲ್ಕು ಇಂಚು ಹಾಕುವುದು ಹಳೇ ಆಟ.

ಶಿರಾಡಿ ಘಾಟಿಗೆ ಕಾಂಕ್ರೀಟೇ ಯಾಕೆ ಬೇಕಿತ್ತು?

ಮಳೆಗಾಲದಲ್ಲಿ ಆ ದಾರಿಯಲ್ಲಿ ಬೆಂಗಳೂರು–ಮಂಗಳೂರು ಬಸ್ಸಿನಲ್ಲಿ ಹೋದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಡಾಂಬರಿಗೂ ನೀರಿಗೂ ಹುಟ್ಟಾ ವೈರ. ಜಲ್ಲಿಯ ಮೇಲಿನ ಡಾಂಬರಿನ ಪದರವನ್ನು ನೀರು ಬಿಡಿಸಿಬಿಡುತ್ತದೆ. ಪಶ್ಚಿಮ ಘಟ್ಟದ ಮಳೆ, ಮೇಲಿಂದ ಇಳಿಯುವ ಊಟೆ, ಜೊತೆಗೆ ಬಂದರಿಗೆ ಹೋಗುವ ಲಾರಿ, ಟ್ಯಾಂಕರ್. ತಿರುವಿನಲ್ಲಿ ಲಾರಿ ಬ್ರೇಕ್ ಹಿಡಿದರೆ ಡಾಂಬರು ಮಡಿಕೆ ಮಡಿಕೆಯಾಗಿ ಏಳುತ್ತದೆ. ಪ್ರತಿ ವರ್ಷ ತೇಪೆ, ಪ್ರತಿ ವರ್ಷ ಗುಂಡಿ.

2015ರಲ್ಲಿ ಒಂದು ಭಾಗ, 2018ರಲ್ಲಿ ಇನ್ನೊಂದು ಭಾಗ ಕಾಂಕ್ರೀಟ್ ಆಯಿತು. ಎರಡು ಸಲವೂ ತಿಂಗಳುಗಟ್ಟಲೆ ರಸ್ತೆ ಬಂದ್. ಜನ ಚಾರ್ಮಾಡಿ ಸುತ್ತಿ ಹೋದರು, ಬೈದುಕೊಂಡರು. ಕಾಂಕ್ರೀಟಿನ ದೊಡ್ಡ ತೊಂದರೆ ಇದೇ. ಡಾಂಬರಾದರೆ ಸಂಜೆ ಹಾಕಿ ರಾತ್ರಿ ಗಾಡಿ ಬಿಡಬಹುದು. ಇದಕ್ಕೆ ವಾರಗಟ್ಟಲೆ ಕಾಯಬೇಕು.

ಬೆಂಗಳೂರಿನ ವೈಟ್ ಟಾಪಿಂಗ್ ಅಂದರೆ ಏನು?

ಇರುವ ಡಾಂಬರು ರಸ್ತೆಯ ಮೇಲೇ ಕಾಂಕ್ರೀಟ್ ಹೊದಿಸುವುದು. ಹಳೇ ಡಾಂಬರು ಅಡಿಪಾಯವಾಗುತ್ತದೆ, ಮೇಲೆ ಆರೆಂಟು ಇಂಚು ಕಾಂಕ್ರೀಟ್. ಉಪಾಯವೇನೋ ಒಳ್ಳೆಯದು. ಗುಂಡಿಯ ಕಾಟ ಕಡಿಮೆಯಾಗುತ್ತದೆ. ಆದರೆ ನಗರದ ರಸ್ತೆ ಅಂದರೆ ಬರೀ ರಸ್ತೆಯಲ್ಲ. ಕೆಳಗೆ ನೀರಿನ ಪೈಪು, ಒಳಚರಂಡಿ, ಕೇಬಲ್ಲು. ಅವನ್ನು ಮೊದಲೇ ಪಕ್ಕಕ್ಕೆ ಸರಿಸದೆ ಕಾಂಕ್ರೀಟ್ ಹಾಕಿದರೆ ನಾಳೆ ಪೈಪು ಒಡೆದಾಗ ಮತ್ತೆ ಅಗೆಯಬೇಕು. ಡಾಂಬರಿನ ತೇಪೆ ಹೇಗೋ ಬೆರೆತುಹೋಗುತ್ತದೆ. ಕಾಂಕ್ರೀಟ್ ಒಡೆದರೆ ಇಡೀ ತುಂಡನ್ನೇ ತೆಗೆದು ಹೊಸದಾಗಿ ಹಾಕಬೇಕು, ಮತ್ತೆ ಕಾಯಬೇಕು. ಯಾರೂ ಅಷ್ಟು ತಾಳ್ಮೆ ತೋರಿಸುವುದಿಲ್ಲ. ಗುಂಡಿಗೆ ಮಣ್ಣು ತುಂಬಿ ಹೋಗುತ್ತಾರೆ.

ರಸ್ತೆ ಎತ್ತರವಾಗಿ ಮನೆಯೊಳಗೆ ನೀರು ಬರುತ್ತಿದೆ. ಇದಕ್ಕೆ ಏನು ಮಾಡೋದು?

ಹಳೇ ರಸ್ತೆಯನ್ನು ಕೆರೆದು ತೆಗೆಯದೆ ಮೇಲೆ ಮೇಲೆ ಹಾಕುತ್ತಾ ಹೋದದ್ದರ ಫಲ ಇದು. ನಮ್ಮ ಚಿಕ್ಕಪ್ಪನ ಮನೆಗೆ ಮೊದಲು ಮೂರು ಮೆಟ್ಟಿಲು ಹತ್ತಬೇಕಿತ್ತು. ಈಗ ಒಂದು ಮೆಟ್ಟಿಲು ಇಳಿಯಬೇಕು.

ಕೆಲಸ ಮುಗಿದ ಮೇಲೆ ಮಾಡುವುದು ಕಷ್ಟ, ಶುರುವಾಗುವ ಮೊದಲೇ ಕೇಳಬೇಕು. ಎಂಜಿನಿಯರ್ ಬಂದಾಗ ಹೊಸ ರಸ್ತೆಯ ಮಟ್ಟ ಎಲ್ಲಿಗೆ ಬರುತ್ತದೆ ಅಂತ ಕಾಂಪೌಂಡ್ ಗೋಡೆಯ ಮೇಲೆ ಗುರುತು ಹಾಕಿಸಿಕೊಳ್ಳಿ. ಹೊಸ್ತಿಲಿಗಿಂತ ಅದು ಕೆಳಗಿರಬೇಕು. ಇಳಿಜಾರು ನಡುವಿನಿಂದ ಎರಡೂ ಬದಿಯ ಚರಂಡಿಗೆ ಇರಬೇಕು, ಚರಂಡಿಯ ಬಾಯಿ ರಸ್ತೆಗಿಂತ ತಗ್ಗಿರಬೇಕು. ಈ ಮೂರು ಮಾತನ್ನು ಬೀದಿಯವರೆಲ್ಲ ಒಟ್ಟಾಗಿ ಹೇಳಿ. ಒಬ್ಬರೇ ಹೇಳಿದರೆ ನಿಮ್ಮ ಮನೆ ಮುಂದೆ ಮಾತ್ರ ಕೆಲಸ ನಿಂತಿರುತ್ತದೆ, ನೋಡಿದ್ದೇನೆ.

ಎಷ್ಟು ದಿನ ನೀರು ಹಾಕಬೇಕು? ಒಣಗಿದರೆ ಸಾಕಲ್ವಾ?

ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಲ್ಲ. ಬಟ್ಟೆ ಒಣಗುವುದು ಬೇರೆ, ಇದು ಬೇರೆ. ಸಿಮೆಂಟ್ ನೀರಿನ ಜೊತೆ ಸೇರಿ ಹೊಸ ವಸ್ತುವಾಗುತ್ತದೆ. ಆ ಕೆಲಸ ವಾರಗಟ್ಟಲೆ ನಡೆಯುತ್ತದೆ, ಆಮೇಲೂ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ನಡುವೆ ನೀರು ಆರಿಹೋದರೆ ಅದು ಅಲ್ಲಿಗೇ ನಿಂತುಬಿಡುತ್ತದೆ. ಏಳು ದಿನಕ್ಕೆ ಮೂರನೇ ಎರಡು ಭಾಗದಷ್ಟು ಬಲ ಬಂದಿರುತ್ತದೆ. ಲೆಕ್ಕಕ್ಕೆ ಹಿಡಿಯುವ ಬಲ 28 ದಿನದ್ದು.

ರಸ್ತೆಗೆ ಎರಡು ವಾರವಾದರೂ ನೀರು ಬೇಕು. ಮಣ್ಣಿನಲ್ಲಿ ಸಣ್ಣ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದು ಒಳ್ಳೆಯದು. ಇಲ್ಲವೇ ಗೋಣಿಚೀಲ, ಭತ್ತದ ಹುಲ್ಲು ಹಾಸಿ ತೋಯಿಸುತ್ತಿರಬೇಕು. ಬೆಳಿಗ್ಗೆ ಒಂದು ಸಲ ಪೈಪು ಹಿಡಿದು ಮಧ್ಯಾಹ್ನ ಮರೆತರೆ ಏನೂ ಮಾಡಿದಂತಾಗಲಿಲ್ಲ. ಏಪ್ರಿಲ್ ಬಿಸಿಲಲ್ಲಂತೂ ಅರ್ಧ ಗಂಟೆಗೆ ಆರಿಹೋಗುತ್ತದೆ.

ಆರು ತಿಂಗಳಿಗೇ ರಸ್ತೆಯಿಂದ ಧೂಳು ಏಳುತ್ತಿದೆ, ಜಲ್ಲಿ ಕಾಣುತ್ತಿದೆ. ಯಾಕೆ?

ಕಲಸುವಾಗ ನೀರು ಜಾಸ್ತಿ ಸುರಿದಿದ್ದಾರೆ. ನೀರುನೀರಾಗಿದ್ದರೆ ಕರಣೆ ಓಡಿಸಲು ಸುಲಭ, ಕೆಲಸದವರಿಗೂ ಕೈ ನೋಯುವುದಿಲ್ಲ. ಆದರೆ ಹೆಚ್ಚಿನ ನೀರು ಮೇಲೆ ಬರುವಾಗ ಸಿಮೆಂಟಿನ ನಯವಾದ ತಿಳಿಯನ್ನೂ ಎತ್ತಿಕೊಂಡು ಬರುತ್ತದೆ. ಅದು ಮೇಲೆ ಹಪ್ಪಳದ ಹಾಗೆ ಕೂರುತ್ತದೆ, ಚಕ್ರಕ್ಕೆ ಸಿಕ್ಕು ಪುಡಿಯಾಗುತ್ತದೆ. 50 ಕೆ.ಜಿ. ಮೂಟೆಗೆ 25 ಲೀಟರ್ ನೀರು ಅನ್ನುವುದು ಕೈಲೆಕ್ಕ, ಅದಕ್ಕಿಂತ ಕಡಿಮೆ ಇದ್ದರೆ ಇನ್ನೂ ಒಳ್ಳೆಯದು. ಮೇಸ್ತ್ರಿಗಳು "ಸಾರ್, ಸ್ವಲ್ಪ ನೀರು" ಅಂದಾಗ ಆ "ಸ್ವಲ್ಪ" ಎಷ್ಟು ಅಂತ ನೋಡಿ.

ಕಾಂಕ್ರೀಟ್ ರಸ್ತೆ ಬಿಸಿಯಾಗಿ ಟೈರ್ ಸಿಡಿಯುತ್ತದಂತೆ?

ಎಕ್ಸ್‌ಪ್ರೆಸ್‌ವೇಗಳಲ್ಲಿ ಟೈರ್ ಸಿಡಿಯುವುದು ನಿಜ. ತಪ್ಪನ್ನು ರಸ್ತೆಯ ಬಣ್ಣಕ್ಕೆ ಹಾಕುವುದು ಸರಿಯಲ್ಲ. ಕಪ್ಪು ಡಾಂಬರು ತಿಳಿ ಬಣ್ಣದ ಕಾಂಕ್ರೀಟಿಗಿಂತ ಹೆಚ್ಚು ಬಿಸಿಲು ಹೀರುತ್ತದೆ. ಸವೆದ ಟೈರು, ಕಡಿಮೆ ಗಾಳಿ, ಜಾಸ್ತಿ ಲೋಡು, ಗಂಟೆಗಟ್ಟಲೆ ನಿಲ್ಲಿಸದೆ ಓಡಿಸುವ ವೇಗ, ಇವು ಟೈರನ್ನು ಒಳಗಿನಿಂದ ಕಾಯಿಸುತ್ತವೆ. ಹೊರಡುವ ಮುಂಚೆ ಗಾಳಿ ಚೆಕ್ ಮಾಡಿಸಿ. ಕಾಂಕ್ರೀಟಿನ ಮೇಲೆ ಸದ್ದು ಮಾತ್ರ ಜಾಸ್ತಿ, ಅದು ಒಪ್ಪುವ ಮಾತು. ಗಾಡಿ ಜಾರದಿರಲಿ ಅಂತ ಅಡ್ಡಕ್ಕೆ ಬಾಚಿದ ಗೀರುಗಳ ಸದ್ದು ಅದು. ಬೆಲ್‌ಫೌಂಟನ್‌ನಲ್ಲಿ ಕುದುರೆಗಾಗಿ ಎಳೆದ ಗೀರು ಇವತ್ತು ಟೈರಿಗೆ.

ಪೆಟ್ರೋಲ್ ಬಂಕ್, ಟೋಲ್ ಗೇಟ್‌ನಲ್ಲಿ ಮಾತ್ರ ಕಾಂಕ್ರೀಟ್ ಯಾಕೆ?

ಡಾಂಬರೂ ಪೆಟ್ರೋಲಿಯಮ್ಮಿನ ಕೂಸೇ. ಡೀಸೆಲ್ ತೊಟ್ಟಿಕ್ಕಿದರೆ ಕರಗಿ ಮೆತ್ತಗಾಗುತ್ತದೆ. ಜೊತೆಗೆ ನಿಂತ ಲಾರಿಯ ಭಾರಕ್ಕೆ ತಗ್ಗು ಬೀಳುತ್ತದೆ. ಬಸ್ ನಿಲ್ದಾಣ, ವಿಮಾನ ನಿಲ್ಲಿಸುವ ಜಾಗಕ್ಕೂ ಇದೇ ಲೆಕ್ಕ.

ಲೋಡ್ ಜಾಸ್ತಿಯಾದರೆ ಕಾಂಕ್ರೀಟೂ ಹಾಳಾಗುತ್ತದಾ?

ಆಗದೆ? 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೇಕಂತಲೇ ರಸ್ತೆ ಹಾಕಿ, ಅದರ ಮೇಲೆ ಹಗಲು ರಾತ್ರಿ ಲಾರಿ ಓಡಿಸಿ ನೋಡಿದರು. ಅದರಿಂದ ಹೊರಟ ಲೆಕ್ಕ ಬೆರಗು ಹುಟ್ಟಿಸುತ್ತದೆ. ಆಕ್ಸಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಹೆಚ್ಚುಕಡಿಮೆ ಹದಿನಾರು ಪಟ್ಟು. ಅದಿರು ಲಾರಿಗಳ ಕಾಲದಲ್ಲಿ ಸಂಡೂರು, ಹೊಸಪೇಟೆ ರಸ್ತೆ ಕಂಡವರಿಗೆ ಇದು ಲೆಕ್ಕವಿಲ್ಲದೆಯೂ ಗೊತ್ತು.

ಮನೆ ಅಂಗಳಕ್ಕೆ ಕಾಂಕ್ರೀಟಾ, ಇಂಟರ್‌ಲಾಕಾ?

ಇಂಟರ್‌ಲಾಕ್ ಕಲ್ಲುಗಳೂ ಕಾಂಕ್ರೀಟೇ, ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಎರಡನೇ ಮಹಾಯುದ್ಧದ ನಂತರ ನೆದರ್‌ಲ್ಯಾಂಡ್ಸ್‌ನಲ್ಲಿ ಇಟ್ಟಿಗೆಯೆಲ್ಲ ಮನೆ ಕಟ್ಟಲು ಬೇಕಾಯಿತು. ಬೀದಿಗೆ ಹಾಸಲು ಕಾಂಕ್ರೀಟ್ ಇಟ್ಟಿಗೆ ಬಂತು. ಅಲ್ಲಿಂದ ಜರ್ಮನಿಗೆ ಹೋಗಿ ಒಂದಕ್ಕೊಂದು ಕಚ್ಚಿಕೊಳ್ಳುವ ಆಕಾರ ಪಡೆಯಿತು.

ನಾನಾದರೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುತ್ತೇನೆ. ಪೈಪು ಕೆಟ್ಟರೆ ಕಲ್ಲು ಎತ್ತಿ, ರಿಪೇರಿ ಮಾಡಿ, ಅವೇ ಕಲ್ಲುಗಳನ್ನು ಮತ್ತೆ ಕೂರಿಸಬಹುದು. ಸಂದಿನಲ್ಲಿ ಒಂದಿಷ್ಟು ನೀರೂ ಇಂಗುತ್ತದೆ. ನಡೆದಾಡಲು 60 ಮಿ.ಮೀ. ಸಾಕು. ಕಾರು ನಿಲ್ಲಿಸುವುದಾದರೆ 80 ಮಿ.ಮೀ. ಹಾಕಿಸಿ, ಕಲ್ಲುಗಳನ್ನು ನೇರ ಸಾಲಿನಲ್ಲಿ ಜೋಡಿಸದೆ ಒಂದು ಅಡ್ಡ ಒಂದು ಉದ್ದ ಮೀನಿನ ಮುಳ್ಳಿನ ಹಾಗೆ ಕೂರಿಸಿ. ಸುತ್ತ ಅಂಚಿಗೆ ಗಟ್ಟಿ ಕಟ್ಟೆ ಇರಲೇಬೇಕು. ಇಲ್ಲದಿದ್ದರೆ ಒಂದೊಂದಾಗಿ ಜಾರುತ್ತವೆ.

ಕಾಂಕ್ರೀಟೇ ಸಾಕು ಅನ್ನುವವರಿಗೆ ಒಂದು ಲೆಕ್ಕ. 10 ಅಡಿ ಅಗಲ, 20 ಅಡಿ ಉದ್ದ, 4 ಇಂಚು ದಪ್ಪ. ಒಂದು ಪಾಲು ಸಿಮೆಂಟ್, ಒಂದೂವರೆ ಮರಳು, ಮೂರು ಜಲ್ಲಿ. ಸುಮಾರು 15 ಮೂಟೆ ಸಿಮೆಂಟ್ ಬೇಕು. ಮೇಸ್ತ್ರಿ ಹತ್ತೇ ಮೂಟೆಯಲ್ಲಿ ಮುಗಿಸುತ್ತೇನೆ ಅಂದರೆ ಖುಷಿಪಡಬೇಡಿ. ಎಂಟು ಹತ್ತು ಅಡಿಗೊಂದು ಜಾಯಿಂಟ್ ಬಿಡಿಸಿ. ಮೇಲ್ಮೈ ನುಣ್ಣಗೆ ಮಾಡಿಸಬೇಡಿ. ಹಸಿ ಇದ್ದಾಗ ತೆಂಗಿನ ಪೊರಕೆ ಎಳೆಸಿ, ಮಳೆಯಲ್ಲಿ ಅಜ್ಜ ಅಜ್ಜಿ ಜಾರಿ ಬೀಳುವುದಿಲ್ಲ.

ಮರದ ಬುಡಕ್ಕೂ ಕಾಂಕ್ರೀಟ್ ಹಾಕಿಬಿಟ್ಟಿದ್ದಾರೆ. ಮರ ಬದುಕುತ್ತದಾ?

ನಿಧಾನವಾಗಿ ಸೊರಗುತ್ತದೆ. ಬೇರಿಗೆ ನೀರೂ ಬೇಕು, ಗಾಳಿಯೂ ಬೇಕು. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗದ ಕಾಂಕ್ರೀಟ್ ತೆಗೆಸಲು ಹೇಳಿತು. ನಿಮ್ಮ ಮನೆ ಮುಂದಿನ ಹೊಂಗೆಗೂ ಅಷ್ಟು ಜಾಗ ಬಿಡಿಸಿಕೊಳ್ಳಿ. ಕೆಲಸ ನಡೆಯುವ ದಿನ ನಾಲ್ಕು ಕಲ್ಲು ಸುತ್ತ ಇಟ್ಟರೆ ಸಾಕು, ಯಾರೂ ಅದರೊಳಗೆ ಸುರಿಯುವುದಿಲ್ಲ.

ಸಿಮೆಂಟ್ ಪರಿಸರಕ್ಕೆ ಕೆಟ್ಟದ್ದು ಅನ್ನುತ್ತಾರಲ್ಲ?

ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಕಾರ್ಬನ್ ಡೈಆಕ್ಸೈಡಿನಲ್ಲಿ ಸಿಮೆಂಟಿನ ಪಾಲು ಶೇಕಡಾ 7–8ರ ಹತ್ತಿರ ಅನ್ನುತ್ತಾರೆ. ಗೂಡಿಗೆ ಉರಿಸುವ ಕಲ್ಲಿದ್ದಲಿನದು ಒಂದು ಭಾಗ ಮಾತ್ರ. ಸುಣ್ಣಕಲ್ಲು ಸುಟ್ಟಾಗ ಕಲ್ಲಿನಿಂದಲೇ ಹೊರಡುವುದು ಅದಕ್ಕಿಂತ ಜಾಸ್ತಿ. ಒಲೆ ಬದಲಾಯಿಸಿದರೂ ಅದು ನಿಲ್ಲುವುದಿಲ್ಲ.

ಕಡಿಮೆ ಮಾಡುವ ದಾರಿ ಸಿಮೆಂಟಿನ ಒಂದು ಪಾಲಿಗೆ ಬೇರೆ ಪುಡಿ ಬೆರೆಸುವುದು. ಈಗ ರಾಯಚೂರಿನ ಮಾತು. ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆ ಕಲ್ಲಿದ್ದಲು ಉರಿದು ಉಳಿಯುವ ಹಾರುಬೂದಿ ಸಿಮೆಂಟಿಗೆ ಸೇರುತ್ತದೆ. ತೋರಣಗಲ್ಲಿನ ಉಕ್ಕಿನ ಕುಲುಮೆಯ ಕಸವನ್ನೂ ಪುಡಿ ಮಾಡಿ ಬಳಸುತ್ತಾರೆ. ಅಂಗಡಿಯಲ್ಲಿ ಪಿಪಿಸಿ ಅಂತ ಕೊಡುವ ಮೂಟೆಯಲ್ಲಿ ಇರುವುದು ಸಾಮಾನ್ಯವಾಗಿ ಈ ಹಾರುಬೂದಿಯೇ. ಅದರ ಮೊದಲ "ಪಿ" ಪೋರ್ಟ್‌ಲ್ಯಾಂಡ್. ಎರಡನೆಯ "ಪಿ" ಪೊಜೊಲಾನ, ಪೊಜುವೊಲಿ ಊರಿನ ಹೆಸರು. ಪಿಪಿಸಿ ಹಾಕಿದರೆ ಮೊದಮೊದಲು ಬಲ ನಿಧಾನವಾಗಿ ಬರುತ್ತದೆ, ಅದಕ್ಕೇ ನೀರು ಹಾಕುವ ದಿನಗಳನ್ನು ಕಡಿಮೆ ಮಾಡಬೇಡಿ.